ಏರುದಾರಿಯಲ್ಲಿ ಹಿರಿಯರ ಓಟ: ಕ್ಯಾಮೆರಾ ನೋಡುವುದೇನು?

ಉಮ್ಮತ್ತೂರಿನ ಯಾವುದಾದರೂ ಹಳೆಯ ಮನೆಗೆ ಹೋಗಿ ನಡುಮನೆಯ ಗೋಡೆ ನೋಡಿ. ದೇವರ ಪಟಗಳ ಪಕ್ಕದಲ್ಲಿ ಒಂದೋ ಎರಡೋ ಹಿರಿಯರ ಫೋಟೊ ಇದ್ದೀತು. ಪಿಂಚಣಿ ಅರ್ಜಿಗೋ ಪಡಿತರ ಚೀಟಿಗೋ ತೆಗೆಸಿದ್ದ ಸಣ್ಣ ಭಾವಚಿತ್ರವನ್ನು ಅವರು ತೀರಿಕೊಂಡ ಮೇಲೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕುಂಕುಮವಿಟ್ಟು ಹಾರ ಹಾಕಿರುತ್ತಾರೆ. ಕಣ್ಣು ನೇರ, ತುಟಿ ಬಿಗಿ, ಬೆನ್ನ ಹಿಂದೆ ಸ್ಟುಡಿಯೋದ ಪರದೆ. ಬದುಕಿಡೀ ಉತ್ತು, ಹೊತ್ತು, ನಡೆದು ತಿರುಗಿದ ಮನುಷ್ಯ ಗೋಡೆಯ ಮೇಲೆ ಮಾತ್ರ ಅಲುಗಾಡದೆ ಕೂತಿರುತ್ತಾನೆ.

ಈ ಗೋಡೆಯ ಮಾತು ಏಕೆ ಬಂತೆಂದರೆ, ಕೆಲವು ವರ್ಷಗಳ ಹಿಂದೆ ನಾನೂ ಒಬ್ಬ ಹಿರಿಯರ ಫೋಟೊ ತೆಗೆದು ಅಂಥದೇ ತಪ್ಪು ಮಾಡಿದೆ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ, ದಸರಾ ಸಮಯದಲ್ಲೂ ಬೇರೆ ದಿನಗಳಲ್ಲೂ, ಮೆಟ್ಟಿಲು ಹತ್ತುವ ಸ್ಪರ್ಧೆಗಳು ನಡೆಯುವುದುಂಟು. ಹಿರಿಯರಿಗೆ ಬೇರೆ ವಿಭಾಗ. ಅಂಥ ಒಂದು ಬೆಳಿಗ್ಗೆ ಛಾಯಾಗ್ರಾಹಕರು ರಜೆಯಲ್ಲಿದ್ದುದರಿಂದ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ನಾನು ಜಾಣತನವೆಂದುಕೊಂಡು ನಂದಿಯ ಬಳಿ ನಿಂತೆ. ಉಮ್ಮತ್ತೂರು ಕಡೆಯ ರೈತರೊಬ್ಬರು, ಎಪ್ಪತ್ತು ದಾಟಿದವರು, ಬರಿಗಾಲಲ್ಲಿ ಓಡಿ ಬಂದು ಒಂದು ಕ್ಷಣ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟರು. ಕ್ಲಿಕ್. ಸುಕ್ಕು, ಬೆವರು, ಬಿಳಿ ಕುರುಚಲು ಗಡ್ಡ, ಎಲ್ಲವೂ ಸೊಗಸಾಗಿ ಮೂಡಿತ್ತು. ‘ಇಳಿವಯಸ್ಸಿನಲ್ಲೂ ಬತ್ತದ ಉತ್ಸಾಹ’ ಎಂಬ ಅಡಿಬರಹದೊಂದಿಗೆ ಅಚ್ಚಾಯಿತು.

ವಾರದ ನಂತರ ಬೇರೊಂದು ವರದಿಗೆಂದು ಉಮ್ಮತ್ತೂರಿಗೆ ಹೋದಾಗ ಯಜಮಾನರು ಸಿಕ್ಕರು. ಪತ್ರಿಕೆಯ ತುಂಡನ್ನು ಜೋಪಾನವಾಗಿ ಮಡಿಸಿ ಇಟ್ಟುಕೊಂಡಿದ್ದರು. ಕೋಪವೇನಿರಲಿಲ್ಲ. ‘ಕೂತಿದ್ದ ತಗ್ದಿದ್ದೀಯಲ್ಲಪ್ಪ, ಓಡ್ದುದ್ದ ಯಾಕ ತಗೀನಿಲ್ಲ?’ ಎಂದರು.

ನಿಜವಾದ ಪ್ರಶ್ನೆ. ಓಡುವ ಹಿರಿಯರನ್ನು ನಮ್ಮ ಕ್ಯಾಮೆರಾಗಳು ಓಡುವವರಂತೆ ತೋರಿಸುವುದೇ ಅಪರೂಪ. ಇದಕ್ಕೆ ನೋಡುವವನ ಮನಸ್ಸು ಅರ್ಧ ಕಾರಣವಾದರೆ, ಓಟ ಎಂಬುದನ್ನು ಫೋಟೊ ಹೇಗೆ ಗುರುತಿಸುತ್ತದೆ ಎಂಬುದು ಇನ್ನರ್ಧ.

ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ಬರೀ ವೇಗದ್ದಲ್ಲ. ನಡೆಯುವಾಗ ಒಂದಲ್ಲ ಒಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರುತ್ತವೆ. ಬರಿಗಣ್ಣಿಗೆ ಸಿಗದ ಈ ಕ್ಷಣವನ್ನು ಹಿಡಿದುಕೊಟ್ಟದ್ದೇ ಕ್ಯಾಮೆರಾ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ನಾಗಾಲೋಟದ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆಂದು ತೋರಿಸಿದರು. ಅಂದಿನಿಂದ ಓಟದ ಚಿತ್ರವೆಂದರೆ ಗಾಳಿಯಲ್ಲಿ ತೇಲುವ ದೇಹದ ಚಿತ್ರ ಎಂಬ ರೂಢಿ ಬೆಳೆಯಿತು. ಉಮ್ಮತ್ತೂರಿನ ಕುರುಚಲು ಗುಡ್ಡಗಳಲ್ಲಿ ಕೃಷ್ಣಮೃಗಗಳಿವೆ. ಅವುಗಳ ಫೋಟೊ ತೆಗೆಯುವವರೂ ಕಾಯುವುದು ಅದು ನೆಗೆಯುವ ಗಳಿಗೆಗಾಗಿಯೇ. ಮೇಯುತ್ತಿರುವ ಜಿಂಕೆ ಯಾರಿಗೆ ಬೇಕು!

ಆದರೆ ಕಡಿದಾದ ಏರಿನಲ್ಲಿ ಈ ನೆಗೆತ ಕುಗ್ಗುತ್ತ ಹೋಗಿ ಕೊನೆಗೆ ಇಲ್ಲವೇ ಆಗುತ್ತದೆ, ಇಪ್ಪತ್ತರ ಹುಡುಗನಿಗೂ ಕೂಡ. ವಯಸ್ಸಾದವರ ಓಟದಲ್ಲಿ ಸಮತಟ್ಟು ನೆಲದಲ್ಲೇ ಅದು ಕಡಿಮೆ. ಮೀನಖಂಡ ಮತ್ತು ಹಿಮ್ಮಡಿಯ ಗಂಟಿನ ಒದೆತದ ಬಲ ವಯಸ್ಸಿನೊಂದಿಗೆ ಬೇಗ ಇಳಿಯುತ್ತದೆ. ಆ ಕೆಲಸದ ಪಾಲನ್ನು ಸೊಂಟದ ಸುತ್ತಲಿನ ಸ್ನಾಯುಗಳು ಹೊರುತ್ತವೆ. ಹೆಜ್ಜೆ ಚಿಕ್ಕದಾಗುತ್ತದೆ, ಆದರೆ ನಿಮಿಷಕ್ಕೆ ಇಡುವ ಹೆಜ್ಜೆಗಳು ಹೆಚ್ಚುತ್ತವೆ. ಮೇಲಕ್ಕೆ ಜಿಗಿಯುವುದರ ಬದಲು ನೆಲಕ್ಕೆ ಹತ್ತಿರವಾಗಿ ಸರಸರನೆ ಸಾಗುವ ಓಟ ಅದು. ಮೈಬ್ರಿಜ್ ಕಲಿಸಿದ ಕಣ್ಣಿಗೆ ಇದು ಓಟವಾಗಿ ಕಾಣುವುದೇ ಇಲ್ಲ. ಕಾಲಿನಲ್ಲಿ ಓಟ ಕಾಣದ ಛಾಯಾಗ್ರಾಹಕ ಮುಖದ ಕಡೆ ತಿರುಗುತ್ತಾನೆ. ಅಲ್ಲಿ ಸುಕ್ಕು ಸಿಗುತ್ತದೆ.

ಹಾಗಾದರೆ ಎಲ್ಲಿ ನೋಡಬೇಕು? ಅನುಭವಸ್ಥ ಛಾಯಾಗ್ರಾಹಕರನ್ನು ಕೇಳಿ, ನಾನೂ ಮೆಟ್ಟಿಲ ಮೇಲೆ ತಿಣುಕಿ ಕಲಿತ ಒಂದೆರಡು ಸಂಗತಿ ಹೇಳುತ್ತೇನೆ. ಮೊದಲನೆಯದು, ಕೂರುವುದು. ಮೆಟ್ಟಿಲು ಹತ್ತುವವರು ಎರಡು ಮೂರು ಮೆಟ್ಟಿಲು ಮುಂದಕ್ಕೆ ಕಣ್ಣಿಟ್ಟಿರುತ್ತಾರೆ, ತಲೆ ತಗ್ಗಿರುತ್ತದೆ. ಎದುರು ನಿಂತು ತೆಗೆದರೆ ಸಿಗುವುದು ನಡುನೆತ್ತಿ. ಮೇಲಿನ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕ್ಯಾಮೆರಾವನ್ನು ಮೊಣಕಾಲ ಮಟ್ಟಕ್ಕೆ ಇಳಿಸಿದರೆ ಅವರ ಕಣ್ಣು ನೇರ ನಮ್ಮ ಕಡೆಗೇ ಬರುತ್ತದೆ. ಯಾಚಿಸುವ ಕಣ್ಣಲ್ಲ ಅದು, ಮುಂದಿನ ಹೆಜ್ಜೆಯ ಲೆಕ್ಕ ಹಾಕುತ್ತಿರುವ ಕಣ್ಣು.

ಇನ್ನೊಂದು, ಬೆಟ್ಟವನ್ನು ಕಳೆದುಕೊಳ್ಳದಿರುವುದು. ದೂರದಿಂದ ಟೆಲಿಫೋಟೊ ಲೆನ್ಸ್ ಹಾಕಿ ಮೇಲಿನಿಂದ ತೆಗೆದರೆ ಮೆಟ್ಟಿಲುಗಳು ಒಂದರ ಮೇಲೊಂದು ಅಂಟಿಕೊಂಡು ಏರೇ ಮಾಯವಾಗುತ್ತದೆ. ಸಾವಿರದಷ್ಟು ಮೆಟ್ಟಿಲು ಹತ್ತಿದವರು ನೆಲಗಟ್ಟಿನ ಮೇಲೆ ತೆವಳುತ್ತಿರುವಂತೆ ಕಾಣುತ್ತಾರೆ. ಪಕ್ಕದಿಂದ ತೆಗೆಯಬೇಕು. ಚೌಕಟ್ಟಿನಲ್ಲಿ ನೆಟ್ಟಗೆ ನಿಂತ ಒಂದು ದೀಪದ ಕಂಬ ಬಂದರೆ ದಾರಿಯ ಓರೆ ತಾನಾಗಿ ತಿಳಿಯುತ್ತದೆ. ಆಗ ಸೊಂಟದಿಂದ ಮುಂದಕ್ಕೆ ಬಾಗಿದ ಮೈ, ಹಿಂದಕ್ಕೆ ಬೀಸಿದ ಮೊಣಕೈ, ಹಿಂಗಾಲಿನ ಹೆಬ್ಬೆರಳು ಕಲ್ಲನ್ನು ಒತ್ತಿ ಬಿಡುವ ರೀತಿ ಕಾಣುತ್ತವೆ. ಹಿರಿಯರ ಓಟ ಇರುವುದು ಅಲ್ಲಿ. ನಮ್ಮ ಕಡೆಯ ಹಿರಿಯರು ಬರಿಗಾಲಲ್ಲೇ ಹತ್ತುವುದರಿಂದ ಆ ಬೆರಳು ಬೂಟಿನೊಳಗೆ ಅಡಗಿರುವುದೂ ಇಲ್ಲ.

ಬೆಳಕಿನ ತೊಡಕು ಬೇರೆ. ಬಿಳಿ ಬನಿಯನ್, ಬಿಳಿ ಪಂಚೆ, ಬಿಳಿ ಕೂದಲು ಚೌಕಟ್ಟು ತುಂಬಿದರೆ ಕ್ಯಾಮೆರಾದ ಅಳತೆಗೋಲು ಬೆಳಕು ಹೆಚ್ಚಾಯಿತೆಂದು ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಬಿಸಿಲಿನಲ್ಲಿ ದುಡಿದ ಮುಖ ಮಸಿಯಾಗುತ್ತದೆ. ಮುಖದ ಬೆಳಕನ್ನೇ ಅಳೆದು ತೆಗೆಯಬೇಕು. ವೇಗದ ವಿಷಯದಲ್ಲಿ ಏರುವವರಿಗೆ ಸೆಕೆಂಡಿನ 250ನೇ ಒಂದು ಭಾಗ ಸಾಮಾನ್ಯವಾಗಿ ಸಾಕು. ಇಳಿಯುವವರಿಗೆ ಅದರ ಎರಡರಷ್ಟೋ ನಾಲ್ಕರಷ್ಟೋ ಬೇಕು. 36 ಚಿತ್ರದ ಫಿಲ್ಮ್ ರೋಲಿನ ಕಾಲದಲ್ಲಿ ಒಬ್ಬರಿಗೆ ಒಂದೇ ಅವಕಾಶ. ಈಗ ಮೊಬೈಲೂ ಸೆಕೆಂಡಿಗೆ ಹತ್ತಾರು ತೆಗೆಯುತ್ತದೆ. ಆದರೆ ಆ ಹತ್ತಾರರಲ್ಲಿ ಯಾವುದನ್ನು ಆರಿಸುತ್ತೇವೆ ಎಂಬಲ್ಲಿ ಹಳೆಯ ಚಟ ಮರಳಿ ಬರುತ್ತದೆ. ಬಾಯಿ ತೆರೆದು, ಮುಖ ಕಿವುಚಿದ ಚಿತ್ರವನ್ನೇ ನಾವು ‘ಚೆನ್ನಾಗಿದೆ’ ಎನ್ನುತ್ತೇವೆ.

ಇಳಿಜಾರಿನ ಬಗ್ಗೆ ಒಂದು ಮಾತು. ಹತ್ತುವಾಗ ಹೃದಯಕ್ಕೂ ಶ್ವಾಸಕೋಶಕ್ಕೂ ದುಡಿಮೆ ಹೆಚ್ಚು, ಕೀಲುಗಳಿಗೆ ಬೀಳುವ ಪೆಟ್ಟು ಕಡಿಮೆ. ಇಳಿಯುವಾಗ ಉಸಿರು ಹಗುರ, ಆದರೆ ದೇಹದ ಭಾರವನ್ನು ಪ್ರತಿ ಹೆಜ್ಜೆಗೂ ತಡೆಯಬೇಕಾದ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ಮಾರನೆಯ ದಿನದ ನೋವು ಬರುವುದು ಹೆಚ್ಚಾಗಿ ಇದರಿಂದ. ಹತ್ತುವುದಷ್ಟೇ ಇರುವ ಸ್ಪರ್ಧೆ ಹಿರಿಯರ ಮಂಡಿಗೆ ದಯೆ ತೋರುತ್ತದೆ. ಇಳಿಜಾರಿನಲ್ಲಿ ಯಾರಾದರೂ ಎಡವಿದರೆ ಕ್ಯಾಮೆರಾ ಕೆಳಗಿಟ್ಟು ಕೈ ಹಿಡಿಯುವುದು ಮೊದಲ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ಹೇಳಬೇಕಾಗಿ ಬಂದದ್ದೂ ಉಂಟು.

ಹಿರಿಯರ ಓಟವನ್ನು ನೋಡುವ ಬಗೆಯನ್ನೇ ನಿಯಮ ಬದಲಿಸಿದ ಉದಾಹರಣೆಯೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ 1905ರಲ್ಲಿ ಶುರುವಾದ ಡಿಪ್ಸೀ ಎಂಬ ಗುಡ್ಡದ ಓಟದಲ್ಲಿ ಆರಂಭದಲ್ಲೇ ಸುಮಾರು 700 ಮೆಟ್ಟಿಲು ಹತ್ತಬೇಕು. ಅಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕೆಲವು ನಿಮಿಷ ಮೊದಲೇ ಬಿಡುತ್ತಾರೆ. ಯುವಕರು ಅವರನ್ನು ಹಿಡಿಯಬೇಕು. 2005ರಲ್ಲಿ 67 ವರ್ಷದ ರಸ್ ಕೀರ್ನನ್ ಗೆದ್ದರು. 2010ರಲ್ಲಿ ಗೆದ್ದದ್ದು ಎಂಟು ವರ್ಷದ ಹುಡುಗಿ. ಜ್ಯಾಕ್ ಕರ್ಕ್ ಎಂಬುವರು ಸತತ 67 ಬಾರಿ ಅಲ್ಲಿ ಓಡಿ, 1951 ಮತ್ತು 1967ರಲ್ಲಿ ಗೆದ್ದು, ನೂರು ವರ್ಷ ತುಂಬಿ 2007ರಲ್ಲಿ ತೀರಿಕೊಂಡರು. ಇಂಥ ಓಟದಲ್ಲಿ ಛಾಯಾಗ್ರಾಹಕನಿಗೆ ಮುಂದೆ ಓಡುವವರು ಹಿರಿಯರು, ಬೆನ್ನಟ್ಟುವವರು ಕಿರಿಯರು. ‘ಪಾಪ’ ಎನ್ನಲು ಜಾಗವೇ ಇಲ್ಲ.

ನಮ್ಮಲ್ಲಿ ಆ ನಿಯಮವಿಲ್ಲದಿದ್ದರೂ ಹಿರಿಯರು ಬೆಟ್ಟ ಹತ್ತುವುದು ಹೊಸತೇನಲ್ಲ. ಚಾಮರಾಜನಗರ ಜಿಲ್ಲೆಯ ಊರುಗಳಲ್ಲಿ ಅಜ್ಜ ಅಜ್ಜಿಯರು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹರಕೆ ಹೊತ್ತು ಹೋಗುತ್ತ ಬಂದವರು. ತಾಳಬೆಟ್ಟದ ಏರನ್ನು ಶಿವರಾತ್ರಿಗೆ ಹತ್ತುವವರಿಗೆ ಎದೆಯ ಮೇಲೆ ನಂಬರು ಅಂಟಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವುದು ದೊಡ್ಡ ಮಾತಲ್ಲ. ವ್ಯತ್ಯಾಸವೊಂದೇ: ಹರಕೆಯಲ್ಲಿ ಗಡಿಯಾರ ನೋಡುವವರಿಲ್ಲ, ಸ್ಪರ್ಧೆಯಲ್ಲಿ ಪಕ್ಕದವರನ್ನು ಹಿಂದೆ ಹಾಕುವ ಆಸೆಯಿದೆ. ಆ ಆಸೆ ಎಪ್ಪತ್ತರಲ್ಲೂ ಇರುತ್ತದೆ ಎಂಬುದನ್ನು ನಮ್ಮ ಅಡಿಬರಹಗಳು ಒಪ್ಪುವುದಿಲ್ಲ.

ಅಡಿಬರಹದಲ್ಲಿ ವಯಸ್ಸು ಬರೆಯುವಾಗಲೂ ಎಚ್ಚರ ಬೇಕು. 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಪಂಜಾಬ್ ಮೂಲದ ಫೌಜಾ ಸಿಂಗ್ ಅವರಿಗೆ ಪಾಸ್‌ಪೋರ್ಟಿನ ಪ್ರಕಾರ ನೂರು ವರ್ಷ. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಉಮ್ಮತ್ತೂರಿನ ಯಜಮಾನರನ್ನು ಕೇಳಿದರೆ, ಕಬಿನಿ ಅಣೆಕಟ್ಟು ಕಟ್ಟುವಾಗ ಮೀಸೆ ಬಂದಿತ್ತು ಎನ್ನುತ್ತಾರೆ. ಪಡಿತರ ಚೀಟಿಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಸ್ಪರ್ಧೆಯ ಪಟ್ಟಿಯಲ್ಲಿ ಯಾವ ವಿಭಾಗವಿದೆಯೋ ಅದನ್ನು ಬರೆದು, ಏರಿದ ಸಮಯವನ್ನು ಅದರ ಪಕ್ಕ ಕೊಡುವುದು ಲೇಸು. ಯುವಕರ ಚಿತ್ರಕ್ಕೆ ಸಮಯ ಬರೆಯುತ್ತೇವೆ, ಹಿರಿಯರದಕ್ಕೆ ವಯಸ್ಸು ಮಾತ್ರ. ಏಕೋ!

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923-2009) ಹೆಸರನ್ನು ಇಲ್ಲಿ ನೆನೆಯಬೇಕು. ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ದಶಕಗಳ ಕಾಲ ಸೆರೆಹಿಡಿದ ಪತ್ರಿಕಾ ಛಾಯಾಗ್ರಾಹಕ ಅವರು. ಅವರ ಚಿತ್ರಗಳಲ್ಲಿ ಜನ ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ. ನಮ್ಮ ಕನಿಕರಕ್ಕೆ ಕಾದು ಕೂತಿರುವುದಿಲ್ಲ.

ಮರುವರ್ಷ ನಾನೇ ಕೇಳಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ನಂದಿಗಿಂತ ಬಹಳ ಕೆಳಗೆ, ಏರು ಬಿಗಿಯಾಗುವ ಕಡೆ ಪಕ್ಕದ ಕಲ್ಲಿನ ಮೇಲೆ ಕೂತೆ. ಯಜಮಾನರು ಬಂದರು. ಮುಂದಿದ್ದವರೊಬ್ಬರನ್ನು ಎಡಗಡೆಯಿಂದ ದಾಟುತ್ತಿದ್ದರು, ಅವರ ಕಡೆ ಓರೆಗಣ್ಣು ಬೇರೆ. ಮುಖ ಸ್ವಲ್ಪ ಮಸುಕಾಗಿದೆ, ಬಲಗೈ ಚೌಕಟ್ಟಿನಿಂದ ಆಚೆ ಹೋಗಿದೆ. ಪತ್ರಿಕೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಪ್ರತಿ ಮಾಡಿಸಿಕೊಂಡು ಉಮ್ಮತ್ತೂರಿಗೆ ಹೋಗಿ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸೊಸೆಯನ್ನು ಕರೆದು, ದಾಟಿಸಿಕೊಂಡವರು ಯಾವ ಊರಿನವರೆಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ದೊಡ್ಡದ್ ಮಾಡ್ಸುದ್ರ ಎದ ಮ್ಯಾಗಿನ ನಂಬರ್ ಕಾಣ್ತುದಾ?’ ಎಂದರು. ಕಾಣುತ್ತದೆ ಎಂದೆ. ಗೋಡೆಯಲ್ಲಿ ತಂದೆಯವರ ಹಾರ ಹಾಕಿದ ಪಟದ ಪಕ್ಕ ಒಂದು ಮೊಳೆ ಖಾಲಿ ಇತ್ತು. ಅದರ ಅಳತೆ ಕೊಟ್ಟು ಕಳಿಸಿದರು.