ಶುಶ್ರೂಷಾ ವೃತ್ತಿ ಮತ್ತು ಸಲಿಂಗಾನುರಾಗದ ಬಹಿರಂಗತೆ: ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ನಿದರ್ಶನ

ರೋಗಿಯ ಮೈಮುಟ್ಟಿ ಮಾಡುವ ವೃತ್ತಿಗಳಲ್ಲಿ ಶುಶ್ರೂಷೆಯಷ್ಟು ದೀರ್ಘಕಾಲ ಅವನ ಬಳಿಯಲ್ಲಿರುವ ವೃತ್ತಿ ಮತ್ತೊಂದಿಲ್ಲ. ವೈದ್ಯರು ಬಂದು ನೋಡಿ ಹೋಗುತ್ತಾರೆ; ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ರಾತ್ರಿ ನಿದ್ದೆ ಬಾರದವನ ಮಾತಿಗೆ ಕಿವಿಗೊಡುವುದು ನರ್ಸಿನ ಪಾಲಿಗೆ ಬರುತ್ತದೆ. ಇಂಥ ವೃತ್ತಿಯಲ್ಲಿರುವವರು ತಾವು ಸಲಿಂಗಾನುರಾಗಿಗಳೆಂಬುದನ್ನು ಮುಚ್ಚಿಡದೆ ಕೆಲಸಮಾಡುವುದು ಕೇವಲ ಅವರ ಸ್ವಂತ ವಿಷಯವೇ, ಅಥವಾ ಅದಕ್ಕೂ ಶುಶ್ರೂಷೆಯ ಗುಣಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ. ಪ್ರಶ್ನೆಯು ವಿಶಾಲವಾದುದು. ಆದುದರಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ೧೯೮೧ರಿಂದೀಚೆಗೆ ನಡೆದ ಸಂಗತಿಗಳನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ.

ಮೊದಲು ಒಂದು ಪದದ ವಿಚಾರ. ಕನ್ನಡದಲ್ಲಿ ರೂಢಿಯಲ್ಲಿರುವ 'ದಾದಿ' ಎಂಬ ಮಾತು ಸ್ತ್ರೀಯನ್ನೇ ಸೂಚಿಸುತ್ತದೆ. ಈ ವೃತ್ತಿಯು ಹೆಂಗಸರದೆಂಬ ಭಾವನೆ ಭಾಷೆಯಲ್ಲಿಯೇ ಬೇರೂರಿರುವುದಕ್ಕೆ ಇದೊಂದು ಸಾಕ್ಷಿ. ಈ ಲೇಖನದಲ್ಲಿ ಗಂಡಸರ ಪ್ರಸ್ತಾಪವೂ ಬರುವುದರಿಂದ ಇಬ್ಬರಿಗೂ ಸಲ್ಲುವ 'ನರ್ಸು' ಎಂಬ ಮಾತನ್ನು ಬಳಸಿದ್ದೇವೆ.

೧. ಹಿನ್ನೆಲೆ

ಆಧುನಿಕ ಶುಶ್ರೂಷಾ ಶಿಕ್ಷಣಕ್ಕೆ ಬುನಾದಿ ಹಾಕಿದುದು ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ನೈಟಿಂಗೇಲ್ ಶಾಲೆ. ಅಲ್ಲಿ ವಿದ್ಯಾರ್ಥಿನಿಯರ ಕೈಗೆಲಸದಷ್ಟೇ ಅವರ ನಡತೆಯನ್ನೂ ಗಮನಿಸಿ ಬರೆದಿಡುವ ಪದ್ಧತಿಯಿತ್ತು. ಅಂದಿನ ಸಮಾಜದಲ್ಲಿ ಈ ಕೆಲಸಕ್ಕೆ ಗೌರವವನ್ನು ಗಳಿಸಿಕೊಡಲು ಅದು ಅಗತ್ಯವಾಗಿತ್ತೆಂದು ಒಪ್ಪಬಹುದು. ಆದರೆ ಅದರ ಇನ್ನೊಂದು ಫಲವೂ ಉಂಟು: ನರ್ಸಿನ ಖಾಸಗಿ ಬಾಳು ವೃತ್ತಿಯ ಯೋಗ್ಯತೆಯ ಒಂದು ಭಾಗವಾಗಿ ಎಣಿಕೆಗೆ ಬಂದಿತು. ಗಂಡಸರಿಗಂತೂ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅಮೆರಿಕದ ಸೈನ್ಯದ ನರ್ಸಿಂಗ್ ದಳಕ್ಕೆ ಗಂಡಸರು ಅಧಿಕಾರಿಗಳಾಗಿ ಸೇರಲು ಅವಕಾಶ ದೊರೆತುದು ೧೯೫೫ರಲ್ಲಿ. ಮಿಸಿಸಿಪ್ಪಿ ಸಂಸ್ಥಾನದ ಸರ್ಕಾರಿ ಮಹಿಳಾ ವಿಶ್ವವಿದ್ಯಾನಿಲಯವು ತನ್ನ ನರ್ಸಿಂಗ್ ಶಾಲೆಯಲ್ಲಿ ಗಂಡಸರಿಗೆ ಪ್ರವೇಶವನ್ನು ನಿರಾಕರಿಸಿದುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸುಪ್ರೀಂ ಕೋರ್ಟು ತೀರ್ಪಿತ್ತುದು ೧೯೮೨ರಲ್ಲಿ. ಹೆಂಗಸರ ಕೆಲಸವನ್ನು ಆರಿಸಿಕೊಂಡ ಗಂಡಸು ಎಂಥವನೋ ಎಂಬ ಸಂದೇಹ ಅವನನ್ನು ಹಿಂಬಾಲಿಸುತ್ತಿತ್ತು. ಮದುವೆಯಾಗದೆ ವೃತ್ತಿಯಲ್ಲಿಯೇ ಉಳಿದ ಹೆಂಗಸನ್ನೂ ಬೇರೊಂದು ಬಗೆಯ ಸಂದೇಹ ಬಿಟ್ಟಿರಲಿಲ್ಲ.

ಇದರ ಜೊತೆಗೆ ಕಾಯಿದೆಯ ಮತ್ತು ವೈದ್ಯಶಾಸ್ತ್ರದ ಭಯವೂ ಸೇರಿತ್ತು. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾನುರಾಗವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದುಹಾಕಿದುದು ೧೯೭೩ರ ಡಿಸೆಂಬರಿನಲ್ಲಿ. ಕ್ಯಾಲಿಫೋರ್ನಿಯದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದಾದುದು ೧೯೭೬ರ ಜನವರಿಯಿಂದ. ಅಂದರೆ, ಅದಕ್ಕೆ ಹಿಂದೆ ಒಬ್ಬ ನರ್ಸು ತನ್ನ ವಿಷಯವನ್ನು ಹೊರಗೆಡಹಿದರೆ, ತಾನೇ ಆರೈಕೆ ಮಾಡಬೇಕಾದ ರೋಗಿಗಳ ಸಾಲಿಗೂ ಅಪರಾಧಿಗಳ ಸಾಲಿಗೂ ಒಮ್ಮೆಗೇ ಸೇರಿದಂತಾಗುತ್ತಿತ್ತು. ಮೌನವೇ ಅಂದಿನ ನಿಯಮವಾಗಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

೨. ಬಾಬಿ ಕ್ಯಾಂಪ್‌ಬೆಲ್

ಆ ಮೌನವನ್ನು ಮುರಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೋಂದಾಯಿತ ನರ್ಸು ಬಾಬಿ ಕ್ಯಾಂಪ್‌ಬೆಲ್ ಒಬ್ಬರು. ೧೯೮೧ರ ಜೂನ್ ೫ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ಲಾಸ್ ಏಂಜಲಿಸ್ ನಗರದ ಐವರು ಯುವಕರಲ್ಲಿ ಕಂಡ ವಿಚಿತ್ರ ನ್ಯುಮೋನಿಯವನ್ನು ವರದಿಮಾಡಿತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ವರದಿ ಅದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯಾಂಪ್‌ಬೆಲ್ ಅವರಿಗೆ ಆ ರೋಗದೊಡನೆ ಬರುವ ಕಪೋಸಿ ಸಾರ್ಕೋಮ ಎಂಬ ಅರ್ಬುದವಿದೆಯೆಂದು ತಿಳಿಯಿತು. ಅವರು ತಮ್ಮ ಪಾದಗಳ ಮೇಲೆ ಎದ್ದಿದ್ದ ಕಲೆಗಳ ಛಾಯಾಚಿತ್ರಗಳನ್ನು ಕ್ಯಾಸ್ಟ್ರೋ ಬಡಾವಣೆಯ ಒಂದು ಔಷಧದಂಗಡಿಯ ಕಿಟಕಿಯಲ್ಲಿ ಅಂಟಿಸಿದರು; ಇಂಥ ಕಲೆ ಕಂಡವರು ವೈದ್ಯರ ಬಳಿಗೆ ಹೋಗಲೆಂಬುದು ಉದ್ದೇಶ. ಡಿಸೆಂಬರಿನಿಂದ ಸ್ಥಳೀಯ ಪತ್ರಿಕೆಯೊಂದರಲ್ಲಿ ತಮ್ಮ ರೋಗದ ವೃತ್ತಾಂತವನ್ನು ಅಂಕಣವಾಗಿ ಬರೆಯತೊಡಗಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕ್ಯಾಂಪ್‌ಬೆಲ್ ಬಹಿರಂಗವಾಗಿ ಮಾತನಾಡಿದುದು ನರ್ಸಾಗಿಯೂ ಹೌದು, ರೋಗಿಯಾಗಿಯೂ ಹೌದು, ಸಲಿಂಗಾನುರಾಗಿಯಾಗಿಯೂ ಹೌದು. ಈ ಮೂರರಲ್ಲಿ ಯಾವುದೊಂದನ್ನು ಮುಚ್ಚಿಟ್ಟಿದ್ದರೂ ಅವರ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ. ವೃತ್ತಿಯ ತಿಳಿವಳಿಕೆಯನ್ನು ಅವರು ತಮ್ಮವರ ಭಾಷೆಯಲ್ಲಿ ಹೇಳಬಲ್ಲವರಾಗಿದ್ದರು. ಕೇಳುವವರೂ ಇವರು ತಮ್ಮನ್ನು ಹೀಗಳೆಯಲಾರರೆಂದು ನಂಬಿದರು. ೧೯೮೩ರ ಜೂನಿನಲ್ಲಿ ಡೆನ್ವರ್ ನಗರದಲ್ಲಿ ಏಡ್ಸ್ ಪೀಡಿತರು ಸೇರಿ ತಮ್ಮನ್ನು ಬರಿಯ 'ಬಲಿಪಶು'ಗಳೆಂದು ಕರೆಯಬಾರದೆಂದೂ ಚಿಕಿತ್ಸೆಯ ನಿರ್ಧಾರಗಳಲ್ಲಿ ತಮಗೂ ಪಾಲಿರಬೇಕೆಂದೂ ಘೋಷಿಸಿದಾಗ ಅವರಲ್ಲಿ ಕ್ಯಾಂಪ್‌ಬೆಲ್ ಪ್ರಮುಖರಾಗಿದ್ದರು. ೧೯೮೪ರ ಆಗಸ್ಟಿನಲ್ಲಿ, ೩೨ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

೩. ಐದು-ಬಿ ವಾರ್ಡು

ಆ ವರ್ಷಗಳಲ್ಲಿ ರೋಗವು ಹೇಗೆ ಹರಡುತ್ತದೆಂಬುದು ಜನಕ್ಕೆ ಸ್ಪಷ್ಟವಾಗಿರಲಿಲ್ಲ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟುಹೋಗುವುದು, ಮುಸುಕಿಲ್ಲದೆ ಯಾರೂ ಒಳಗೆ ಬಾರದಿರುವುದು ಸಾಮಾನ್ಯವಾಗಿತ್ತು. ಈ ಸನ್ನಿವೇಶದಲ್ಲಿ ೧೯೮೩ರ ಜುಲೈ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ೧೨ ಹಾಸಿಗೆಗಳ ಪ್ರತ್ಯೇಕ ಏಡ್ಸ್ ವಾರ್ಡು ತೆರೆಯಿತು. ಅದರ ಸಂಖ್ಯೆ ಐದು-ಬಿ. ಅದನ್ನು ಕಟ್ಟಿದವರು ಕ್ಲಿಫ್ ಮಾರಿಸನ್ ಎಂಬ ನರ್ಸು. ಅವರು ತಾವು ಸಲಿಂಗಾನುರಾಗಿಯೆಂಬುದನ್ನು ಬಚ್ಚಿಟ್ಟವರಲ್ಲ. ವಾರ್ಡಿನ ನರ್ಸುಗಳೆಲ್ಲರೂ ತಾವಾಗಿಯೇ ಮುಂದೆ ಬಂದವರು. ಅವರಲ್ಲಿ ಸಲಿಂಗಾನುರಾಗಿಗಳಾದ ಗಂಡಸರೂ ಹೆಂಗಸರೂ ಇದ್ದರು, ಅಲ್ಲದವರೂ ಇದ್ದರು.

ಈ ವಾರ್ಡಿನ ಪದ್ಧತಿಯಲ್ಲಿ ಎರಡು ವಿಷಯಗಳು ಹೊಸವಾಗಿದ್ದವು. ಮೊದಲನೆಯದು ಸ್ಪರ್ಶ. ರಕ್ತದ ಸೋಂಕಿಗೆ ಅವಕಾಶವಿಲ್ಲದ ಕಡೆ ಬರಿಗೈಯಿಂದ ರೋಗಿಯ ಕೈ ಹಿಡಿಯುವುದು, ಹಾಸಿಗೆಯ ಅಂಚಿನಲ್ಲಿ ಕುಳಿತು ಮಾತನಾಡುವುದು ಶುಶ್ರೂಷೆಯ ಅಂಗವೆಂದು ಅಲ್ಲಿ ಭಾವಿಸಲಾಯಿತು. ಎರಡನೆಯದು ಕುಟುಂಬವೆಂಬುದರ ಅರ್ಥ. ರೋಗಿಯು ಯಾರನ್ನು ತನ್ನವರೆಂದು ಹೇಳುತ್ತಾನೋ ಅವರೇ ಅವನ ಮನೆಯವರೆಂದು ವಾರ್ಡು ಒಪ್ಪಿಕೊಂಡಿತು. ಅಮೆರಿಕದಾದ್ಯಂತ ಸಲಿಂಗ ವಿವಾಹಕ್ಕೆ ಮನ್ನಣೆ ಬಂದುದು ೨೦೧೫ರಲ್ಲಿ. ಕೇಂದ್ರದ ಹಣ ಪಡೆಯುವ ಆಸ್ಪತ್ರೆಗಳು ರೋಗಿ ಬಯಸಿದವರ ಭೇಟಿಗೆ ಅವಕಾಶ ಕೊಡಲೇಬೇಕೆಂಬ ಕ್ರಮಕ್ಕೆ ಅಧ್ಯಕ್ಷ ಒಬಾಮ ಆಜ್ಞೆಯಿತ್ತುದು ೨೦೧೦ರಲ್ಲಿ. ಅದಕ್ಕೆ ಕಾಲು ಶತಮಾನದಷ್ಟು ಹಿಂದೆಯೇ ಒಂದು ವಾರ್ಡಿನ ನರ್ಸುಗಳು ಅದನ್ನು ಆಚರಣೆಗೆ ತಂದಿದ್ದರು. ಹಾಸಿಗೆಯ ಬಳಿ ನಿಂತಿರುವ 'ಗೆಳೆಯ' ಯಾರೆಂದು ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲವೆಂಬುದೇ ಇದರ ಕಾರಣಗಳಲ್ಲಿ ಒಂದೆಂದು ನಾವು ತಿಳಿಯುತ್ತೇವೆ.

ವಿರೋಧವೂ ಇತ್ತು. ೧೯೮೫ರಲ್ಲಿ ಅದೇ ಆಸ್ಪತ್ರೆಯ ಕೆಲವು ನರ್ಸುಗಳು ಮುಸುಕು ಮತ್ತು ಕೈಗವಸುಗಳನ್ನು ಧರಿಸಲು ತಮಗೆ ಹಕ್ಕಿದೆಯೆಂದು ದೂರು ಕೊಟ್ಟರು, ದೂರು ನಿಲ್ಲಲಿಲ್ಲ. ಅವರ ಭಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ; ನರ್ಸಿನ ಜೀವವೂ ಜೀವವೇ. ಈ ವಿವಾದಕ್ಕೆ ಶಾಸ್ತ್ರೀಯವಾದ ಉತ್ತರ ದೊರೆತುದು ೧೯೮೭ರಲ್ಲಿ. ರೋಗಿ ಯಾರೇ ಆಗಿರಲಿ, ರಕ್ತವನ್ನು ಮುಟ್ಟುವಾಗ ಎಲ್ಲರ ವಿಷಯದಲ್ಲಿಯೂ ಒಂದೇ ಎಚ್ಚರಿಕೆಯನ್ನು ವಹಿಸಬೇಕೆಂದು ರೋಗನಿಯಂತ್ರಣ ಕೇಂದ್ರವು ಸೂಚಿಸಿತು. ಅಪಾಯವನ್ನು ಅಳೆಯಬೇಕಾದುದು ಮಾಡುವ ಕೆಲಸದಿಂದ, ಮನುಷ್ಯನ ಜಾತಿಯಿಂದಲ್ಲ ಎಂಬುದು ಇದರ ತಾತ್ಪರ್ಯ.

೪. ಧೈರ್ಯವೂ ಕಾಯಿದೆಯೂ

ಇಷ್ಟನ್ನು ಓದಿದ ವಾಚಕರು ಬಹಿರಂಗತೆಯು ಪ್ರತಿಯೊಬ್ಬ ಸಲಿಂಗಾನುರಾಗಿ ನರ್ಸಿನ ಕರ್ತವ್ಯವೆಂದು ಭಾವಿಸಬಹುದು. ನಮ್ಮ ಅಭಿಪ್ರಾಯ ಅದಲ್ಲ. ರೋಗಿಯ ಬಳಿ ತನ್ನ ವಿಷಯವನ್ನು ಹೇಳಿಕೊಳ್ಳುವುದು ಬೇರೆ, ಸಹೋದ್ಯೋಗಿಗಳ ನಡುವೆ ಮುಚ್ಚಿಡದೆ ಬಾಳುವುದು ಬೇರೆ. ಮೊದಲನೆಯದು ರೋಗಿಗೆ ಹಿತವಾಗುವಲ್ಲಿ ಮಾತ್ರ ಉಚಿತ. ಎರಡನೆಯದನ್ನು ಮಿಕ್ಕವರೆಲ್ಲರೂ ದಿನವೂ ಮಾಡುತ್ತಲೇ ಇದ್ದಾರೆ. ಕೊರಳಿನ ತಾಳಿ, ಗಂಡನ ವರ್ಗಾವಣೆಯ ಮಾತು, ಮಗುವಿನ ಜ್ವರಕ್ಕೆ ಕೇಳಿದ ರಜೆ, ಇವನ್ನು ಯಾರೂ 'ಖಾಸಗಿ ವಿಷಯದ ಪ್ರದರ್ಶನ'ವೆಂದು ಕರೆಯುವುದಿಲ್ಲ. ಅಷ್ಟನ್ನೂ ಆಡದೆ ನುಂಗಿಕೊಳ್ಳಬೇಕಾದವನು ತನ್ನ ಗಮನದ ಒಂದು ಭಾಗವನ್ನು ಸದಾ ಕಾವಲಿಗೆ ಇಟ್ಟಿರಬೇಕಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ನರ್ಸುಗಳು ಧೀರರೆಂಬುದು ನಿಸ್ಸಂದೇಹ. ಆದರೆ ಅವರ ಧೈರ್ಯಕ್ಕೆ ಒಂದು ಆಸರೆಯಿತ್ತೆಂಬುದನ್ನು ಮರೆಯಬಾರದು. ಹಾರ್ವೆ ಮಿಲ್ಕ್ ಅವರ ಪ್ರಯತ್ನದಿಂದ ೧೯೭೮ರಲ್ಲಿಯೇ ಆ ನಗರವು ಸಲಿಂಗಾನುರಾಗದ ಕಾರಣದಿಂದ ಉದ್ಯೋಗದಲ್ಲಿ ತಾರತಮ್ಯ ಮಾಡಕೂಡದೆಂದು ಶಾಸನ ಮಾಡಿತ್ತು. ಆಸ್ಪತ್ರೆಯೂ ನಗರಕ್ಕೇ ಸೇರಿದುದು. ಆ ದೇಶದ ಸುಪ್ರೀಂ ಕೋರ್ಟು ೧೯೬೪ರ ಕಾಯಿದೆಯ ರಕ್ಷಣೆಯು ಸಲಿಂಗಾನುರಾಗಿ ನೌಕರರಿಗೂ ಸಲ್ಲುವುದೆಂದು ಹೇಳಿದುದು ೨೦೨೦ರ ಜೂನಿನಲ್ಲಿ. ಅಲ್ಲಿಯವರೆಗೆ ಬೇರೆ ಅನೇಕ ಊರುಗಳ ನರ್ಸು ಇಂಥದೇ ಧೈರ್ಯ ತೋರಿದ್ದರೆ ಕೆಲಸವನ್ನೇ ಕಳೆದುಕೊಳ್ಳುವ ಸಂಭವವಿತ್ತು. ಬಹಿರಂಗತೆಯಿಂದ ರೋಗಿಗೆ ಲಾಭವುಂಟು. ಆದರೆ ಅದರ ಬೆಲೆಯನ್ನು ನರ್ಸೊಬ್ಬನೇ ತೆರಬೇಕೆಂದು ಕೇಳುವುದು ನ್ಯಾಯವಲ್ಲ. ಬೆಲೆಯನ್ನು ಇಳಿಸುವುದು ಸಂಸ್ಥೆಯ ಮತ್ತು ಶಾಸನದ ಕೆಲಸ.

೫. ನಮಗೆ ಸಂಬಂಧಿಸಿದ ಮಾತು

ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಅನೇಕರು ಇಂದು ವಿದೇಶದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಬ್ರಿಟನ್ನಿನಲ್ಲಿ ಕೆಲಸ ಮಾಡುವವರಿಗೆ ೨೦೧೦ರ ಸಮಾನತಾ ಕಾಯಿದೆಯು ಈ ರಕ್ಷಣೆಯನ್ನು ಕೊಡುತ್ತದೆ. ಭಾರತದಲ್ಲಿ ೨೦೧೮ರ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೆ ಖಾಸಗಿ ಉದ್ಯೋಗದಲ್ಲಿ ಈ ಕಾರಣದ ತಾರತಮ್ಯವನ್ನು ಹೆಸರಿಸಿ ತಡೆಯುವ ಪ್ರತ್ಯೇಕ ಶಾಸನ ನಮ್ಮಲ್ಲಿ ಇನ್ನೂ ಬಂದಿಲ್ಲ. ಒಂದೇ ಕಾಲೇಜಿನ ಒಂದೇ ತರಗತಿಯ ಇಬ್ಬರಲ್ಲಿ ಒಬ್ಬಳು ತನ್ನ ಸಂಗಾತಿಯ ಹೆಸರನ್ನು ವಾರ್ಡಿನಲ್ಲಿ ನಿರ್ಭಯವಾಗಿ ಹೇಳಬಲ್ಲಳು, ಇನ್ನೊಬ್ಬಳು ಹೇಳಲಾರಳು. ಕಲಿತ ವಿದ್ಯೆ ಒಂದೇ, ನಿಂತ ನೆಲ ಬೇರೆ.

ಶುಶ್ರೂಷೆಯನ್ನು ಬೋಧಿಸುವಾಗ ರೋಗಿಯ ಮಾನವನ್ನು ಕಾಯಬೇಕೆಂದು ನಾವು ಹೇಳಿಕೊಡುತ್ತೇವೆ. ಆ ಪಾಠವನ್ನು ಕೇಳುತ್ತ ಕುಳಿತವರಲ್ಲಿಯೇ ತಮ್ಮ ಮಾನಕ್ಕೆ ಅಂಜಿ ಮೌನವಾಗಿರುವವರು ಇರಬಹುದೆಂಬುದನ್ನು ಅಧ್ಯಾಪಕರು ನೆನಪಿನಲ್ಲಿಡಬೇಕು. ಅವರನ್ನು ಮಾತನಾಡಿಸಬೇಕೆಂದಿಲ್ಲ, ಅವರು ಮಾತನಾಡಿದರೆ ಯಾವ ಕೇಡೂ ಆಗದಂಥ ಸ್ಥಿತಿಯನ್ನು ತರಗತಿಯಲ್ಲಿಯೂ ವಾರ್ಡಿನಲ್ಲಿಯೂ ಏರ್ಪಡಿಸಿದರೆ ಸಾಕು. ಐದು-ಬಿ ವಾರ್ಡಿನ ವೃತ್ತಾಂತದಿಂದ ನಾವು ಕಲಿಯಬಹುದಾದುದು ಇದೇ ಎಂದು ನಮ್ಮ ನಂಬಿಕೆ.