ಹತ್ತಿ ಇಳಿಯಲು ಕಲಿತ ಮಗುವಿನ ರಾತ್ರಿ ಮಲಗುವ ವ್ಯವಸ್ಥೆ: ಪಾಲಕರಿಗೆ ಮಾಹಿತಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನವು ಮನೆತನದ ಹಬ್ಬವೇ ಆಗಿರುತ್ತದೆ. ಬಂಧುಬಳಗದವರು ಸೇರುತ್ತಾರೆ, ಹೆಸರಿಡುತ್ತಾರೆ, ಜೋಗುಳ ಹಾಡುತ್ತಾರೆ. ಆದರೆ ಅದೇ ಮಗುವನ್ನು ತೊಟ್ಟಿಲಿನಿಂದ ಬಿಡಿಸುವ ದಿನವನ್ನು ಯಾರೂ ಗೊತ್ತುಪಡಿಸುವುದಿಲ್ಲ. ಅನೇಕ ಮನೆಗಳಲ್ಲಿ ಮಗುವು ಒಮ್ಮೆ ಬಿದ್ದ ನಂತರವೇ ಆ ದಿನ ಬರುತ್ತದೆ. ಬೀಳುವುದಕ್ಕೆ ಮುಂಚಿತವಾಗಿಯೇ ಮಲಗುವ ವ್ಯವಸ್ಥೆಯನ್ನು ಬದಲಾಯಿಸುವುದು ಯಾವಾಗ ಮತ್ತು ಹೇಗೆ ಎಂಬ ಬಗ್ಗೆ ಪಾಲಕರಿಗೆ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸಾಮಾನ್ಯವಾಗಿ ಮಗುವು 6 ತಿಂಗಳ ಆಸುಪಾಸಿನಲ್ಲಿ ಕುಳಿತುಕೊಳ್ಳಲು ಕಲಿಯುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೆ ಆಸರೆ ಹಿಡಿದು ಎದ್ದು ನಿಲ್ಲುತ್ತದೆ. ಒಂದೂವರೆ ವರ್ಷದ ವೇಳೆಗೆ ಕುರ್ಚಿ, ಸೋಫಾಗಳನ್ನು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯುತ್ತದೆ. ಇದು ತುಂಟತನವಲ್ಲ, ಸಹಜ ಬೆಳವಣಿಗೆಯ ಲಕ್ಷಣ. ಆದರೆ ಹತ್ತುವ ಶಕ್ತಿ ಬಂದಷ್ಟು ಬೇಗ ಎತ್ತರದ ಅರಿವು ಬರುವುದಿಲ್ಲ. ಜೊತೆಗೆ ಈ ವಯಸ್ಸಿನ ಮಗುವಿನ ತಲೆಯು ದೇಹದ ಉಳಿದ ಭಾಗಕ್ಕೆ ಹೋಲಿಸಿದಲ್ಲಿ ದೊಡ್ಡದಾಗಿಯೂ ಭಾರವಾಗಿಯೂ ಇರುವುದರಿಂದ, ಮಗುವು ಬಾಗಿದಾಗ ತಲೆ ಮುಂದಾಗಿಯೇ ಬೀಳುತ್ತದೆ. ಹಗಲಿನಲ್ಲಿ ಯಾರಾದರೊಬ್ಬರ ಕಣ್ಣು ಮಗುವಿನ ಮೇಲಿರುತ್ತದೆ, ರಾತ್ರಿಯಲ್ಲಿ ಇರುವುದಿಲ್ಲ.

ತೊಟ್ಟಿಲಿನ ಅವಧಿ

ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಪ್ರಸಿದ್ಧವಾಗಿದೆ. ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ ಹಾಗೂ ಕೃಷ್ಣನ ಬಾಲಲೀಲೆಗಳ ಚಿತ್ರಗಳನ್ನು ಬರೆದ ಈ ಕಟ್ಟಿಗೆಯ ತೊಟ್ಟಿಲುಗಳನ್ನು ಎಷ್ಟೋ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಅಜ್ಜ ಮಲಗಿದ ತೊಟ್ಟಿಲಿನಲ್ಲಿ ಮೊಮ್ಮಗು ಮಲಗುವುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ತೊಟ್ಟಿಲನ್ನು ರಚಿಸಿರುವುದು ಮಲಗಿರುವ ಕೂಸಿಗಾಗಿ ಎಂಬುದನ್ನು ಗಮನದಲ್ಲಿಡಬೇಕು. ಕೂಸು ಮಲಗಿರುವಾಗ ಅದರ ಭಾರವು ತೊಟ್ಟಿಲಿನ ತಳದಲ್ಲಿರುತ್ತದೆ, ತೂಗಿದರೂ ಹಾನಿಯಿಲ್ಲ. ಮಗುವು ಎದ್ದು ಕುಳಿತಾಗ ಅಥವಾ ಅಂಚು ಹಿಡಿದು ನಿಂತಾಗ ಭಾರವು ಅಂಚಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲಕ್ಕೆ ಬರುತ್ತದೆ. ಆಗ ಮಗುವು ಒಂದು ಬದಿಗೆ ವಾಲಿದರೆ ಸರಪಳಿಯಲ್ಲಿ ತೂಗುವ ತೊಟ್ಟಿಲು ಇನ್ನೊಂದು ಬದಿಗೆ ಸರಿಯುತ್ತದೆ. ಕೊಂಡಿ ಎಷ್ಟೇ ಗಟ್ಟಿಯಾಗಿದ್ದರೂ, ತೊಲೆ ಎಷ್ಟೇ ಭದ್ರವಾಗಿದ್ದರೂ ಇದನ್ನು ತಡೆಯಲಾಗದು.

ಆದ್ದರಿಂದ ಮಗುವು ಕೈ ಮತ್ತು ಮೊಣಕಾಲು ಊರಿ ಮೇಲೇಳಲು ಆರಂಭಿಸಿದ ದಿನವನ್ನೇ ತೊಟ್ಟಿಲಿನ ಕೊನೆಯ ದಿನವೆಂದು ತಿಳಿಯತಕ್ಕದ್ದು. ಇದು 5-6 ತಿಂಗಳಿಗೇ ಬರಬಹುದು. ವರ್ಷ ತುಂಬಲೆಂದು ಕಾಯುವುದು ಸರಿಯಲ್ಲ. ಸೀರೆಯಿಂದ ಕಟ್ಟಿದ ಜೋಲಿಗೂ ಇದೇ ಮಾತು ಅನ್ವಯಿಸುತ್ತದೆ. ಜೋಲಿಯಲ್ಲಿ ಹೊರಳಾಡುವ ಮಗುವಿನ ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳುವ ಅಪಾಯವೂ ಇರುವುದರಿಂದ ಅದನ್ನು ಇನ್ನೂ ಬೇಗ ನಿಲ್ಲಿಸುವುದು ಒಳ್ಳೆಯದು. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿಡುವುದು ಸೂಕ್ತ. ತೂಗುಹಾಕಿಯೇ ಬಿಟ್ಟಲ್ಲಿ ಅಕ್ಕಪಕ್ಕದ ದೊಡ್ಡ ಮಕ್ಕಳು ಅದರಲ್ಲಿ ಆಡಲು ಹತ್ತುತ್ತಾರೆ.

ಕಟಕಟೆಯುಳ್ಳ ಮಕ್ಕಳ ಮಂಚ

ಇತ್ತೀಚಿನ ವರ್ಷಗಳಲ್ಲಿ ಸುತ್ತಲೂ ಕಟಕಟೆಯುಳ್ಳ ಮಕ್ಕಳ ಮಂಚಗಳ ಬಳಕೆ ಹೆಚ್ಚಾಗಿದೆ. ಬಡಗಿಯಿಂದ ಮಾಡಿಸುವಾಗ ಅಥವಾ ಬಳಸಿದ ಮಂಚವನ್ನು ಕೊಳ್ಳುವಾಗ ಕಡ್ಡಿಗಳ ನಡುವಿನ ಅಂತರವು 6 ಸೆಂ.ಮೀ.ಗಿಂತ ಹೆಚ್ಚಿರದಂತೆ ನೋಡಿಕೊಳ್ಳಬೇಕು. ಹಾಸಿಗೆ ಮತ್ತು ಕಟಕಟೆಯ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಒಂದು ಬದಿಯನ್ನು ಕೆಳಗೆ ಜಾರಿಸುವ ಮಾದರಿಯ ಮಂಚಗಳಲ್ಲಿ ಮಕ್ಕಳು ಸಿಲುಕಿ ಸಾವಿಗೀಡಾದ ಪ್ರಕರಣಗಳ ನಂತರ ಅಮೆರಿಕದಲ್ಲಿ 2011ರಿಂದ ಅವುಗಳ ಮಾರಾಟವನ್ನು ನಿಷೇಧಿಸಲಾಗಿದೆ. ಅಂತಹ ಹಳೆಯ ಮಂಚವನ್ನು ಸಂಬಂಧಿಕರು ಪ್ರೀತಿಯಿಂದ ಕೊಟ್ಟರೂ ಬಳಸದಿರುವುದು ಲೇಸು.

ಮಗುವು ನಿಲ್ಲಲು ಕಲಿಯುವ ಮುನ್ನವೇ ಹಾಸಿಗೆಯ ಹಲಗೆಯನ್ನು ಅತ್ಯಂತ ಕೆಳಗಿನ ಮಟ್ಟಕ್ಕೆ ಇಳಿಸಬೇಕು. ಮಂಚದೊಳಗೆ ದಿಂಬು, ದೊಡ್ಡ ಗೊಂಬೆ, ಮಡಿಸಿದ ಕೌದಿ ಇತ್ಯಾದಿಗಳನ್ನು ಇಡಬಾರದು. ಮಗುವು ಅವುಗಳನ್ನೇ ಮೆಟ್ಟಿಲಾಗಿ ಮಾಡಿಕೊಳ್ಳುತ್ತದೆ. ನಿಂತ ಮಗುವಿನ ಎದೆಮಟ್ಟಕ್ಕಿಂತ ಕಟಕಟೆ ತಗ್ಗಾಗಿ ಕಂಡರೆ, ಮಗುವಿನ ಎತ್ತರವು ಸುಮಾರು 90 ಸೆಂ.ಮೀ. ತಲುಪಿದರೆ, ಇಲ್ಲವೇ ಮಗುವು ಒಂದು ಬಾರಿಯಾದರೂ ಕಟಕಟೆಯ ಮೇಲೆ ಕಾಲು ಹಾಕಿದರೆ ಆ ಮಂಚದ ಉಪಯೋಗವು ಮುಗಿಯಿತು. ಕಟಕಟೆಯನ್ನು ಎತ್ತರಿಸುವುದರಿಂದ ಬೀಳುವ ಎತ್ತರ ಹೆಚ್ಚಾಗುತ್ತದೆಯೇ ಹೊರತು ಹತ್ತುವುದು ನಿಲ್ಲುವುದಿಲ್ಲ. ಮೇಲೆ ಸೊಳ್ಳೆ ಪರದೆಯನ್ನು ಮುಚ್ಚಳದಂತೆ ಬಿಗಿಯುವುದು, ಮಗುವಿನ ಕಾಲಿಗೆ ಬಟ್ಟೆ ಕಟ್ಟಿ ಮಂಚಕ್ಕೆ ಬಿಗಿಯುವುದು, ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು, ಇವು ಮೂರೂ ಬೀಳುವುದಕ್ಕಿಂತ ದೊಡ್ಡ ಅಪಾಯವನ್ನು ಉಂಟುಮಾಡಬಲ್ಲವು.

ನೆಲದ ಹಾಸಿಗೆ

ಹತ್ತುವ ಮಗುವಿಗೆ ಉಳಿಯುವ ಉತ್ತಮ ವ್ಯವಸ್ಥೆಯು ಹೊಸದೇನೂ ಅಲ್ಲ. ಪಡಸಾಲೆಯಲ್ಲಿ ಚಾಪೆ, ಅದರ ಮೇಲೆ ಕೌದಿ ಹಾಸಿ ಮಕ್ಕಳನ್ನು ಮಲಗಿಸುವುದು ಈ ಭಾಗದ ಹಳೆಯ ರೂಢಿಯಾಗಿದೆ. ನೆಲದಿಂದ ನಾಲ್ಕು ಬೆರಳು ಎತ್ತರದ ಹಾಸಿಗೆಯಿಂದ ಹೊರಳಿದ ಮಗುವಿಗೆ ಪೆಟ್ಟಾಗುವ ಸಂಭವ ತೀರಾ ಕಡಿಮೆ. ಇದಕ್ಕೆ ಖರ್ಚೂ ಇಲ್ಲ. ದೊಡ್ಡವರ ಮಂಚದ ಅಂಚಿಗೆ ದಿಂಬುಗಳ ಗೋಡೆ ಕಟ್ಟಿ ಮಗುವನ್ನು ಮಲಗಿಸುವ ಪದ್ಧತಿಯು ಇದಕ್ಕೆ ಬದಲಾಗಲಾರದು. ಅಂಗಡಿಯಲ್ಲಿ ದೊರೆಯುವ ಮಂಚದ ತಡೆಪಟ್ಟಿಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು. ಪಟ್ಟಿ ಮತ್ತು ಹಾಸಿಗೆಯ ನಡುವೆ ಮಗು ಸಿಲುಕುವ ಅಪಾಯವಿದೆ.

ನೆಲದ ಹಾಸಿಗೆಯ ಬಗ್ಗೆ ಹಿರಿಯರು ಎತ್ತುವ ಆಕ್ಷೇಪಣೆಗಳಲ್ಲಿ ಹುರುಳಿದೆ. ಹೊಲ, ಕಣ, ಹಿತ್ತಲುಗಳಿಗೆ ಹೊಂದಿಕೊಂಡ ಮನೆಗಳಲ್ಲಿ ಚೇಳು, ಹಾವುಗಳ ಭಯವಿರುತ್ತದೆ. ವಿಶೇಷವಾಗಿ ಕಟ್ಟುಹಾವು ರಾತ್ರಿಯ ಹೊತ್ತು ಮನೆಯೊಳಗೆ ಬಂದು ನೆಲದಲ್ಲಿ ಮಲಗಿದವರನ್ನು ಕಚ್ಚುವುದುಂಟು. ಹಾವು ಕಡಿತವನ್ನು ರಾಜ್ಯ ಸರ್ಕಾರವು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿರುವುದು ಇದರ ಗಂಭೀರತೆಯನ್ನು ಸೂಚಿಸುತ್ತದೆ. ಇಂತಹ ಮನೆಗಳಲ್ಲಿ ಒಂದು ಗೇಣಿಗಿಂತ ಹೆಚ್ಚು ಎತ್ತರವಿಲ್ಲದ ಹಲಗೆಯ ಮೇಲೆ ಹಾಸಿಗೆ ಹಾಸಿ, ದೊಡ್ಡವರೂ ಮಗುವೂ ಒಂದೇ ಸೊಳ್ಳೆ ಪರದೆಯೊಳಗೆ ಮಲಗಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸೇರಿಸಬೇಕು. ಪರದೆಯು ಸೊಳ್ಳೆಯ ಜೊತೆಗೆ ಹುಳಹುಪ್ಪಟೆಗಳನ್ನೂ ತಡೆಯುತ್ತದೆ. ಧಾರವಾಡದ ಮಳೆಗಾಲದಲ್ಲಿ ನೆಲವು ತಂಪಾಗುವುದರಿಂದ ಚಾಪೆಯ ಮೇಲೆ ದಪ್ಪ ಜಮಖಾನೆ ಹಾಸಬೇಕು. ಬೆಳಿಗ್ಗೆ ಹಾಸಿಗೆಯನ್ನು ಎತ್ತಿ ಗಾಳಿಗೆ ಆರಿಸಬೇಕು.

ಹಾಸಿಗೆಯಿಂದ ಇಳಿದ ಮಗು ಎಲ್ಲಿಗೆ ಹೋಗುತ್ತದೆ?

ನೆಲದ ಹಾಸಿಗೆಯಿಂದ ಬೀಳುವ ಭಯ ತಪ್ಪಿದರೂ, ಮಗುವು ನಡುರಾತ್ರಿ ಎದ್ದು ಮನೆಯಲ್ಲಿ ಓಡಾಡುವ ಸಾಧ್ಯತೆ ಹೆಚ್ಚುತ್ತದೆ. ಅವಳಿ ನಗರದ ಮಟ್ಟಿಗೆ ಇಲ್ಲಿ ಮೊದಲು ಗಮನಿಸಬೇಕಾದುದು ನೀರು. ಮಲಪ್ರಭೆ ಹಾಗೂ ನೀರಸಾಗರಗಳ ನೀರನ್ನು ಆಶ್ರಯಿಸಿದ ಈ ನಗರದಲ್ಲಿ 2008ರಲ್ಲಿ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಪೂರೈಸುವ ಯೋಜನೆ ಆರಂಭವಾಯಿತು. ಕೆಲವು ದಿನಗಳಿಗೊಮ್ಮೆ ನೀರು ಬರುವ ಬಡಾವಣೆಗಳಲ್ಲಿ ಡ್ರಮ್ಮು, ಹಂಡೆ, ಕೊಡ, ಬಕೆಟುಗಳನ್ನು ತುಂಬಿಡುವುದು ಗೃಹಿಣಿಯರ ಅನಿವಾರ್ಯ ಕರ್ತವ್ಯ. ನಳ ಬರುವ ದಿನದ ರಾತ್ರಿ ಮನೆಯ ಪ್ರತಿಯೊಂದು ಪಾತ್ರೆಯೂ ತುಂಬಿರುತ್ತದೆ, ತುಂಬಿಸಿದವರು ದಣಿದು ಮಲಗಿರುತ್ತಾರೆ.

ಬಕೆಟಿನಲ್ಲಿ ಗೇಣುದ್ದಕ್ಕಿಂತ ಕಡಿಮೆ ನೀರಿದ್ದರೂ ಅದರೊಳಗೆ ತಲೆಕೆಳಗಾಗಿ ಬಿದ್ದ ಮಗುವಿಗೆ ತಾನಾಗಿ ಮೇಲೇಳಲು ಆಗುವುದಿಲ್ಲ. ಅದು ಕೂಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣವು 1ರಿಂದ 4 ವರ್ಷದ ಮಕ್ಕಳಲ್ಲಿಯೇ ಅತ್ಯಧಿಕವಾಗಿದೆ. ಆದಕಾರಣ ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳ ಹಾಕಿ ಮೇಲೆ ಭಾರ ಇಡಬೇಕು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಬೇಕು. ಬಚ್ಚಲುಮನೆಯ ಬಾಗಿಲಿಗೆ ಮಗುವಿನ ಕೈಗೆ ಎಟುಕದಂತೆ ಮೇಲ್ಭಾಗದಲ್ಲಿ ಚಿಲಕ ಕೂಡಿಸಬೇಕು. ಬಳಸಿದ ಬಕೆಟನ್ನು ಮಲಗುವ ಮುನ್ನ ಬೋರಲು ಹಾಕುವುದನ್ನು ರೂಢಿಸಿಕೊಳ್ಳಬೇಕು.

ಎರಡನೆಯದು ಮಾಳಿಗೆ. ಏಪ್ರಿಲ್, ಮೇ ತಿಂಗಳುಗಳ ಸೆಕೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಕುಟುಂಬಗಳು ಹತ್ತುವ ವಯಸ್ಸಿನ ಮಗುವಿದ್ದಲ್ಲಿ ಆ ಒಂದೆರಡು ಬೇಸಿಗೆಗಳನ್ನು ಕೆಳಗೇ ಕಳೆಯುವುದು ಒಳಿತು. ಮಾಳಿಗೆಯ ಮೆಟ್ಟಿಲಿನ ಬಾಗಿಲಿಗೂ ಮೇಲಿನ ಚಿಲಕವಿರಲಿ.

ಹಳೆಯ ಮನೆಗಳ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು. ನೋಟ ಚೆನ್ನಾಗಿರಲೆಂದು ಕೆಲವು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅವುಗಳನ್ನು ಕೈಬಿಡಲಾಗುತ್ತಿದೆ. ಬಹುಮಹಡಿ ಕಟ್ಟಡಗಳ ಕಿಟಕಿಗಳಿಂದ ಮಕ್ಕಳು ಬೀಳುವುದನ್ನು ತಡೆಯಲು ನ್ಯೂಯಾರ್ಕ್ ನಗರವು 1976ರಲ್ಲಿಯೇ 10 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿರುವ ಮನೆಗಳ ಕಿಟಕಿಗಳಿಗೆ ತಡೆಗಂಬಿಗಳನ್ನು ಕಡ್ಡಾಯಗೊಳಿಸಿತು. ಅಲ್ಲಿ ಕಾನೂನಿನಿಂದ ತಂದುದು ನಮ್ಮಲ್ಲಿ ರೂಢಿಯಿಂದಲೇ ಇತ್ತು. ಸರಳುಗಳನ್ನು ಹಾಕಿಸುವಾಗ ಅಡ್ಡವಾಗಿ ಹಾಕಿಸಿದರೆ ಏಣಿಯಾಗುತ್ತವೆ; ಉದ್ದುದ್ದವಾಗಿ, 4 ಅಂಗುಲಕ್ಕಿಂತ ಕಡಿಮೆ ಅಂತರದಲ್ಲಿ ಹಾಕಿಸಬೇಕು. ಕಿಟಕಿಯ ಕೆಳಗೆ ಮಂಚವನ್ನಾಗಲಿ ಟ್ರಂಕನ್ನಾಗಲಿ ಇಡಬಾರದು.

ಬೀರು, ಪುಸ್ತಕದ ಕಪಾಟು ಹಾಗೂ ಟಿ.ವಿ.ಯ ಮೇಜುಗಳನ್ನು ಗೋಡೆಗೆ ಪಟ್ಟಿ ಹೊಡೆದು ಭದ್ರಪಡಿಸಬೇಕು. ತೆರೆದ ಕೆಳಖಾನೆಗಳನ್ನು ಮೆಟ್ಟಿಲಾಗಿ ಬಳಸಿ ಹತ್ತುವ ಮಗುವಿನ ಭಾರಕ್ಕೇ ಬೀರು ಮುಂದಕ್ಕೆ ವಾಲಬಹುದು. ಸೊಳ್ಳೆ ನಿವಾರಕ ದ್ರವದ ಶೀಶೆ, ಔಷಧಿ, ಬೆಂಕಿಪೆಟ್ಟಿಗೆಗಳು ಮೇಲಿನ ಮಾಡದಲ್ಲಿರಲಿ.

ನಿದ್ರೆಯ ಸಮಯ

ಮಗುವು ಹಾಸಿಗೆಯಿಂದ ಏಳುವುದಕ್ಕೆ ಅನೇಕ ಬಾರಿ ನಿದ್ರೆ ಬಾರದಿರುವುದೇ ಕಾರಣವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿರುವಂತೆ 1ರಿಂದ 2 ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ರೆ ಬೇಕು. ಸಂಜೆ 5ರವರೆಗೆ ಮಲಗಿದ ಮಗುವು ರಾತ್ರಿ 8ಕ್ಕೆ ಮಲಗಬೇಕೆಂದು ನಿರೀಕ್ಷಿಸುವುದು ತರವಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಊಟ, ಮೈ ಒರೆಸುವುದು, ಕಥೆ ಅಥವಾ ಜೋಗುಳ, ಮಂದ ದೀಪ ಎಂಬ ಕ್ರಮವನ್ನು ಪಾಲಿಸಿದಲ್ಲಿ ಮಗುವು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಎದ್ದು ಬಂದ ಮಗುವನ್ನು ಗದರಿಸದೆ, ನಗಿಸದೆ, ಮಾತು ಬೆಳೆಸದೆ ಮರಳಿ ಮಲಗಿಸಬೇಕು. ಮೊದಲ ವಾರ ಇದನ್ನು ಹತ್ತು ಬಾರಿ ಮಾಡಬೇಕಾಗಬಹುದು. ಮನೆಯಲ್ಲಿ ಅಜ್ಜಿ, ತಾಯಿ, ತಂದೆ ಮೂವರೂ ಒಂದೇ ರೀತಿ ನಡೆದುಕೊಂಡಲ್ಲಿ ಮಾತ್ರ ಇದು ಫಲ ನೀಡುತ್ತದೆ.

ಬಿದ್ದಾಗ ಮಾಡಬೇಕಾದುದು

ಬಿದ್ದ ತಕ್ಷಣ ಅತ್ತು, ಸ್ವಲ್ಪ ಹೊತ್ತಿನಲ್ಲಿ ಎಂದಿನಂತೆ ಆಡುವ ಮಗುವನ್ನು ಮನೆಯಲ್ಲಿಯೇ 24 ಗಂಟೆ ಗಮನಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಊದಿದ ಜಾಗಕ್ಕೆ ತಣ್ಣೀರಿನ ಬಟ್ಟೆ ಒತ್ತಬಹುದು. ಬಿದ್ದ ಮಗುವನ್ನು ಮಲಗಗೊಡಬಾರದೆಂಬ ನಂಬಿಕೆಯಿದೆ. ನಿದ್ರೆಯ ಸಮಯವಾಗಿದ್ದರೆ ಮಲಗಬಹುದು, ಆದರೆ ಎಬ್ಬಿಸಿದಾಗ ಎಚ್ಚರಗೊಳ್ಳುತ್ತದೆಯೇ ಎಂದು ನಡುನಡುವೆ ನೋಡುತ್ತಿರಬೇಕು. ಪ್ರಜ್ಞೆ ತಪ್ಪುವುದು, ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಲಾಗದ ಮಂಪರು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂತಹ ದ್ರವ ಸೋರುವುದು, ಕೈ ಅಥವಾ ಕಾಲನ್ನು ಆಡಿಸದಿರುವುದು, ಸಮಾಧಾನವಾಗದ ಅಳು, ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಬೆಳಗಾಗಲೆಂದು ಕಾಯಬಾರದು. ಒಂದು ವರ್ಷದೊಳಗಿನ ಕೂಸು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ ಯಾವ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ದೃಷ್ಟಿ ನಿವಾಳಿಸುವುದರಿಂದ ಹಾನಿಯೇನಿಲ್ಲ. ಆದರೆ ಅದನ್ನು ಆಸ್ಪತ್ರೆಯಿಂದ ಬಂದ ನಂತರ ಮಾಡಬಹುದು.

ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದೇ ಜನರಿಗೆ ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಾಗೂ ಧಾರವಾಡದ ಜಿಲ್ಲಾ ಆಸ್ಪತ್ರೆಗಳಲ್ಲಿ ರಾತ್ರಿಯ ವೇಳೆಯೂ ಚಿಕಿತ್ಸೆ ದೊರೆಯುತ್ತದೆ. ಮಗುವಿನ ಬೆಳವಣಿಗೆಯ ಹಂತಗಳ ಕುರಿತು ಹೆಚ್ಚಿನ ಮಾಹಿತಿಗಾಗಿ ತಮ್ಮ ಪ್ರದೇಶದ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು.