ನಾಯಿಯಲ್ಲಿ ಸಿಕ್ಕ ಗಂಡು ಹುಳ

ನಾರುಹುಣ್ಣು ಎಂದರೇನೆಂದು ಬಯಲುಸೀಮೆಯ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಕಾಲಲ್ಲಿ ಬೊಕ್ಕೆ ಎದ್ದು ಒಡೆಯುತ್ತದೆ, ಒಳಗಿನಿಂದ ಬಿಳಿ ದಾರದಂಥ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ನಡುವೆ ಹರಿದರೆ ಕಾಲು ಕೀವುಗಟ್ಟುತ್ತಿತ್ತು. ಹಾಗೆ ಹೊರಬರುವುದೆಲ್ಲ ಹೆಣ್ಣೇ. ಕೆಲವು ಒಂದು ಮೀಟರಿನಷ್ಟು ಉದ್ದ. ಹಾಗಾದರೆ ಗಂಡು ಎಲ್ಲಿ?

ಹುಳದ ಜಾತಿ ಗೊತ್ತಾಗಬೇಕಾದರೆ ಮೊದಲೆಲ್ಲ ಗಂಡು ಬೇಕೇ ಬೇಕಿತ್ತು. ಈ ಕುಲದ ಹೆಣ್ಣುಗಳನ್ನು ನೋಡಿ ಜಾತಿ ಬೇರ್ಪಡಿಸುವುದು ಬಹಳ ಕಷ್ಟ. ಗುರುತು ಇರುವುದು ಗಂಡಿನ ಬಾಲದಲ್ಲಿ: ಕೂಡುವಾಗ ಚಾಚುವ ಮುಳ್ಳುಗಳ ಅಳತೆ, ಅಲ್ಲಿನ ಸಣ್ಣ ಗುಬುಟುಗಳ ಸಾಲು. ಆದರೆ ಬರೀ ಕೆಲವು ಸೆಂಟಿಮೀಟರ್ ಉದ್ದದ ಆ ಗಂಡು, ಕೂಡಿದ ಮೇಲೆ ದೇಹದೊಳಗೇ ಸಾಯುತ್ತದೆ.

ಮರಿಹುಳ ನೀರಿನ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯೊಳಗೆ ಬೆಳೆಯುತ್ತದೆಂದು ರಷ್ಯದ ಅಲೆಕ್ಸಿ ಫೆಡ್ಚೆಂಕೊ 1870ರಲ್ಲೇ ಕಂಡಿದ್ದ. 1906ರಲ್ಲಿ ರಾಬರ್ಟ್ ಲೈಪರ್, ಅಂಥ ಸೈಕ್ಲಾಪ್ಸ್ ತಿನ್ನಿಸಿದ ಕೋತಿಯಲ್ಲಿ ಗಂಡು ಹುಳಗಳನ್ನೂ ಕಂಡ.

ಮುಂದಿನ ಕೆಲಸ ನಡೆದದ್ದು ನಮ್ಮ ನೆರೆಯಲ್ಲೇ. ನಮ್ಮ ಊರು ಗುತ್ತಲ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು; ರಾಣೆಬೆನ್ನೂರು ಕಳೆದು ತುಂಗಭದ್ರೆ ದಾಟಿದರೆ ಹರಿಹರ, ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಆ ಜಿಲ್ಲೆಯ ನಾರುಹುಣ್ಣಿನ ಬಗ್ಗೆ ವಿ.ಎನ್. ಮೂರ್ತಿಯವರು 1930ರ ದಶಕದಲ್ಲಿ ಕೆಲಸ ಮಾಡಿದರು. ಜನ ಮೆಟ್ಟಿಲು ಬಾವಿಗೆ ಇಳಿಯುತ್ತಾರೆ, ಹುಣ್ಣಿನ ಕಾಲು ನೀರಿಗೆ ತಾಗುತ್ತದೆ, ಮರಿಗಳು ಬಿಡುಗಡೆಯಾಗುತ್ತವೆ, ಅದೇ ನೀರು ಕೊಡಕ್ಕೆ. ಬಾವಿಗೆ ಸಣ್ಣ ಮೀನು ಬಿಟ್ಟು ಸೈಕ್ಲಾಪ್ಸ್ ತಿನ್ನಿಸುವ ಉಪಾಯವನ್ನೂ ಅವರು ಪರೀಕ್ಷಿಸಿದರು. 1936ರಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಬ್ಲ್ಯು.ಸಿ. ಸ್ವೀಟ್ ಜೊತೆ, ನಾಯಿಗಳಿಗೆ ಸೋಂಕು ತಗಲಿಸಿದ ಪ್ರಯೋಗವನ್ನು ವರದಿ ಮಾಡಿದರು. ಗಂಡು ಕೈಗೆ ಸಿಕ್ಕಿತು. 1937ರಲ್ಲಿ ಮೂರ್ತಿಯವರು ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್ ಎಂಬ ಈ ನಾರುಹುಳದ ವರ್ಣನೆಯನ್ನೇ ಹೊಸದಾಗಿ ಬರೆದು ಪ್ರಕಟಿಸಿದರು. ನಮ್ಮ ಮಕ್ಕಳಿಗೆ ಮೂರ್ತಿಯವರ ಹೆಸರು ಗೊತ್ತಿರಬೇಕು ಎಂದು ನನ್ನ ಆಸೆ.

ಸೇದುವ ಬಾವಿ, ಬೋರ್‌ವೆಲ್, ಸೋಸುವ ಬಟ್ಟೆ ಬಂದವು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ಮುಕ್ತವೆಂದು ಘೋಷಣೆಯಾಯಿತು.

ಇತ್ತ ಗುರುತಿನ ವಿದ್ಯೆಯೂ ಬದಲಾಯಿತು. ಅಮೆರಿಕದ ರಕೂನ್‌ಗಳಲ್ಲಿರುವ ಸೋದರ ಜಾತಿಯಿಂದ ನಾರುಹುಳವನ್ನು 18ಎಸ್ ಆರ್‌ಆರ್‌ಎನ್‌ಎ ಜೀನಿನ ಅಕ್ಷರಗಳಿಂದಲೇ ಬೇರ್ಪಡಿಸಬಹುದೆಂದು 2005ರಲ್ಲಿ ತೋರಿಸಲಾಯಿತು. ಗಂಡಿಗಾಗಿ ಹುಡುಕಬೇಕಿಲ್ಲ, ಹರಿದ ಹೆಣ್ಣಿನ ತುಂಡೂ ಸಾಕು.

ಅದು ಬೇಗ ಉಪಯೋಗಕ್ಕೆ ಬಂತು. 2012ರಿಂದ ಆಫ್ರಿಕದ ಚಾಡ್‌ನಲ್ಲಿ ನಾಯಿಗಳ ಕಾಲಲ್ಲಿ ಹುಳ ಕಾಣಿಸಿಕೊಂಡಾಗ, ಅದು ಬೇರೆ ಜಾತಿಯದಾಗಿದ್ದರೆ ಚಿಂತೆಯಿರಲಿಲ್ಲ. ಜೀನು ಓದಿದರೆ ಮನುಷ್ಯರಲ್ಲಿನ ಹುಳವೇ. ಆದರೆ 2020ರಿಂದ ವಿಯೆಟ್ನಾಂ ಜನರಲ್ಲಿ ಕಂಡ ಹುಳ ಬೇರೆ ಜಾತಿಯದೆಂದು ಅದೇ ಬಗೆಯ ಪರೀಕ್ಷೆ ಹೇಳಿತು. ಚಾಡ್‌ನ ಹಳ್ಳಿಗಳಲ್ಲಿ ಈಗ ಹುಳವಿದ್ದ ನಾಯಿಯನ್ನು ನೀರಿಗೆ ಇಳಿಯದಂತೆ ಕಟ್ಟಿಹಾಕುತ್ತಾರೆ, ಸೈಕ್ಲಾಪ್ಸ್ ತಿಂದಿರಬಹುದಾದ ಮೀನಿನ ಕರುಳನ್ನು ನಾಯಿಗೆ ಎಸೆಯದೆ ಹೂಳುತ್ತಾರೆ.